ಬೇಟೆಯ ಜಿಂಕೆಯನ್ನು ಎಸ್‌ಯುವಿಯಲ್ಲಿ ಮನೆಗೆ ತರುವುದು: ವಿಸ್ಕಾನ್ಸಿನ್‌ನಲ್ಲಿರುವ ಕನ್ನಡಿಗರಿಗೆ ಸಮಗ್ರ ಮಾರ್ಗದರ್ಶಿ

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಬಂದೂಕಿನ ಜಿಂಕೆ ಬೇಟೆಯ ಮುಖ್ಯ ಹಂಗಾಮು ಪ್ರತಿ ನವೆಂಬರಿನಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಮುಂಚಿನ ಶನಿವಾರ ಆರಂಭವಾಗಿ ಒಂಬತ್ತು ದಿನ ನಡೆಯುತ್ತದೆ. ಮ್ಯಾಡಿಸನ್, ಮಿಲ್ವಾಕಿ, ಮಿನಿಯಾಪೊಲಿಸ್, ಶಿಕಾಗೊ ನಗರಗಳಲ್ಲಿ ನೆಲೆಸಿರುವ ನಮ್ಮವರಲ್ಲಿ ಕೆಲವರು ಸಹೋದ್ಯೋಗಿಗಳ ಜೊತೆ ಹೋಗಿ ಈ ಬೇಟೆಯನ್ನು ಕಲಿಯುತ್ತಾರೆ. ಗುರಿ ಹಿಡಿಯುವುದನ್ನು, ಮರದ ಮೇಲಿನ ಅಟ್ಟದಲ್ಲಿ ಅಲುಗಾಡದೆ ಕೂರುವುದನ್ನು ಹೇಳಿಕೊಡುವವರು ಬೇಕಾದಷ್ಟು ಜನರಿದ್ದಾರೆ. ಆದರೆ ಗುಂಡು ತಗುಲಿದ ಮೇಲಿನ ಐದಾರು ಗಂಟೆಗಳನ್ನು ಹೇಗೆ ಕಳೆಯಬೇಕೆಂದು ಕೂರಿಸಿಕೊಂಡು ಹೇಳುವವರು ಕಡಿಮೆ. ಜಿಂಕೆಯ ಮಾಂಸ ಕೆಡುವುದು ಬಹುಮಟ್ಟಿಗೆ ಈ ಅವಧಿಯಲ್ಲಿಯೇ, ಅದರಲ್ಲೂ ವಾಹನದೊಳಗೆ. ಒಂದು ಜೀವವನ್ನು ತೆಗೆದ ಮೇಲೆ ಅದರ ಮಾಂಸವನ್ನು ನಮ್ಮ ಅಜಾಗ್ರತೆಯಿಂದ ಕಸಕ್ಕೆ ಹಾಕುವುದು ನನ್ನ ಮಟ್ಟಿಗೆ ಕ್ಷಮೆಯಿಲ್ಲದ ತಪ್ಪು. ಆದ್ದರಿಂದ ಈ ಬರಹದಲ್ಲಿ ಬೇಟೆಯ ವಿಧಾನವನ್ನು ಬಿಟ್ಟು, ಜಿಂಕೆ ನೆಲಕ್ಕೆ ಬಿದ್ದ ಜಾಗದಿಂದ ಮನೆಯ ಫ್ರೀಜರಿನವರೆಗಿನ ದಾರಿಯನ್ನು ಮಾತ್ರ ವಿವರಿಸಿದ್ದೇನೆ.

ಇಲ್ಲಿ ಹೇಳಿದ ಯಾವುದೂ ಕರ್ನಾಟಕಕ್ಕೆ ಅನ್ವಯಿಸುವುದಿಲ್ಲ ಎಂಬುದನ್ನು ಮೊದಲೇ ಹೇಳಿಬಿಡಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಭಾರತದಲ್ಲಿ ಜಿಂಕೆ, ಕಡವೆಗಳ ಬೇಟೆ ಅಪರಾಧ. ಅವುಗಳ ಮಾಂಸವನ್ನು ಸಾಗಿಸುವುದೂ, ಮನೆಯಲ್ಲಿ ಇಟ್ಟುಕೊಳ್ಳುವುದೂ ಅಪರಾಧವೇ. ವಿಸ್ಕಾನ್ಸಿನ್‌ನ ಬಿಳಿಬಾಲದ ಜಿಂಕೆಯ ಸ್ಥಿತಿ ಬೇರೆ. ಅಲ್ಲಿ ಅವುಗಳ ಸಂಖ್ಯೆಯನ್ನು ಹತೋಟಿಯಲ್ಲಿಡಲು ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆಯೇ ಪರವಾನಗಿ ಕೊಟ್ಟು ಬೇಟೆಯನ್ನು ನಡೆಸುತ್ತದೆ.

ಹೊರಡುವ ಮುನ್ನ: ಕಾಗದಪತ್ರ ಮತ್ತು ಕಾನೂನು

ಬೇಟೆಯ ಪರವಾನಗಿ, ಜಿಂಕೆಯನ್ನು ಹೊಡೆಯಲು ಕೊಟ್ಟ ಅನುಮತಿಯ ಸಂಖ್ಯೆ, ಗುರುತಿನ ಚೀಟಿ ಈ ಮೂರೂ ಜೇಬಿನಲ್ಲಿರಬೇಕು. ವಿಸ್ಕಾನ್ಸಿನ್‌ನಲ್ಲಿ ಜಿಂಕೆ ಕೈಗೆ ಸಿಕ್ಕ ಮರುದಿನ ಸಂಜೆ 5 ಗಂಟೆಯೊಳಗೆ ಅದನ್ನು ಅಂತರ್ಜಾಲದಲ್ಲಿ ಅಥವಾ ದೂರವಾಣಿಯಲ್ಲಿ ನೋಂದಾಯಿಸಬೇಕು. ನೋಂದಣಿಗೆ ಮೊದಲು ಒಡಲನ್ನು ಎಷ್ಟು ಭಾಗ ಮಾಡಬಹುದು ಎಂಬುದಕ್ಕೂ ನಿಯಮಗಳಿರುವುದರಿಂದ, ಕಾಡಿನಲ್ಲಿ ಮೊಬೈಲ್ ಸಂಕೇತ ಸಿಕ್ಕ ಕೂಡಲೇ ನೋಂದಾಯಿಸಿ, ಆನಂತರವೇ ಒಡಲನ್ನು ಭಾಗ ಮಾಡಲು ಚಾಕು ಹಿಡಿಯುವುದು ಸುರಕ್ಷಿತ. ವೀಸಾದ ಮೇಲಿರುವವರು ಇನ್ನೂ ಒಂದು ಸಂಗತಿಯನ್ನು ಗಮನಿಸಬೇಕು. ಎಚ್-1ಬಿಯಂಥ ವಲಸೆಯೇತರ ವೀಸಾದವರು ಬಂದೂಕು ಇಟ್ಟುಕೊಳ್ಳುವುದನ್ನು ಅಮೆರಿಕದ ಒಕ್ಕೂಟ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಯಾವುದಾದರೂ ರಾಜ್ಯದ ಊರ್ಜಿತ ಬೇಟೆ ಪರವಾನಗಿ ಇರುವವರಿಗೆ ಅದರಲ್ಲಿ ವಿನಾಯಿತಿ ಇದೆ. ಪರವಾನಗಿಯ ಅವಧಿ ಮುಗಿದರೆ ಆ ವಿನಾಯಿತಿಯೂ ಮುಗಿಯುತ್ತದೆ. ಆದ್ದರಿಂದ ವಕೀಲರೊಬ್ಬರನ್ನು ಕೇಳಿಯೇ ಮುಂದುವರಿಯುವುದು ಒಳ್ಳೆಯದು.

ಸಾಗಾಟದ ಕಾನೂನಿನಲ್ಲಿ ಎಲ್ಲಕ್ಕಿಂತ ಭಾರವಾದದ್ದು ಒಂದು ರೋಗಕ್ಕೆ ಸಂಬಂಧಿಸಿದ್ದು. ಕ್ರಾನಿಕ್ ವೇಸ್ಟಿಂಗ್ ಡಿಸೀಸ್, ಅಂದರೆ ಜಿಂಕೆ ಬಡಕಲಾಗಿ ಸವೆದು ಸಾಯುವ ಕಾಯಿಲೆಯನ್ನು 1967ರಲ್ಲಿ ಕೊಲರಾಡೊದಲ್ಲಿ ಮೊದಲು ಗುರುತಿಸಲಾಯಿತು. 2002ರಲ್ಲಿ ಅದು ವಿಸ್ಕಾನ್ಸಿನ್‌ನಲ್ಲಿಯೂ ಪತ್ತೆಯಾಯಿತು. ಇದನ್ನು ಹರಡುವುದು ಪ್ರಿಯಾನ್ ಎಂಬ ವಿಕೃತ ಪ್ರೋಟೀನು. ಅದು ಬೇಯಿಸಿದರೂ ನಾಶವಾಗುವುದಿಲ್ಲ, ಹೆಪ್ಪುಗಟ್ಟಿಸಿದರೂ ನಾಶವಾಗುವುದಿಲ್ಲ. ಮಿದುಳು, ಬೆನ್ನುಹುರಿ, ಕಣ್ಣು, ಗುಲ್ಮ, ದುಗ್ಧಗ್ರಂಥಿಗಳಲ್ಲಿ ಹೆಚ್ಚಾಗಿ ಸೇರಿಕೊಳ್ಳುತ್ತದೆ. ಮನುಷ್ಯರಿಗೆ ಈ ರೋಗ ತಗುಲಿದ ದೃಢಪಟ್ಟ ಪ್ರಕರಣ ಇಲ್ಲವಾದರೂ, ಸೋಂಕಿತ ಜಿಂಕೆಯ ಮಾಂಸವನ್ನು ತಿನ್ನಬಾರದೆಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರವಾದ ಸಿಡಿಸಿ ಹೇಳುತ್ತದೆ. ಒಂದು ಜಿಲ್ಲೆಯ ಮೂಳೆ, ಮಿದುಳುಗಳನ್ನು ಇನ್ನೊಂದು ಜಿಲ್ಲೆಯ ಹಿತ್ತಿಲಿನಲ್ಲಿ ಎಸೆದರೆ ರೋಗವೂ ಅಲ್ಲಿಗೆ ಹೋಗಬಹುದು. ಈ ಕಾರಣಕ್ಕೆ, ರೋಗಪೀಡಿತವೆಂದು ಘೋಷಿಸಿದ ಕೌಂಟಿಗಳಿಂದ, ಅಂದರೆ ಅಲ್ಲಿನ ಜಿಲ್ಲೆಗಳಿಂದ, ಇಡೀ ಕಳೇಬರವನ್ನು ಪಕ್ಕದ ಕೌಂಟಿಗಳಾಚೆ ಒಯ್ಯಲು ನಿರ್ಬಂಧವಿದೆ. ಪರವಾನಗಿ ಪಡೆದ ಮಾಂಸ ಸಂಸ್ಕರಣೆಯವರಿಗೋ ಚರ್ಮ ತುಂಬಿ ಪ್ರತಿಕೃತಿ ಮಾಡುವವರಿಗೋ 72 ಗಂಟೆಯೊಳಗೆ ಒಪ್ಪಿಸುವುದಾದರೆ ಮಾತ್ರ ರಿಯಾಯಿತಿ. ಮೂಳೆ ಬಿಡಿಸಿದ ಮಾಂಸ, ತಲೆ ಮತ್ತು ಬೆನ್ನುಮೂಳೆ ಸೇರದ ಕಾಲುಭಾಗಗಳು, ತಲೆಯಿಲ್ಲದ ತೊಗಲು, ಸ್ವಚ್ಛಗೊಳಿಸಿದ ಕೊಂಬು ಇವುಗಳಿಗೆ ತಡೆಯಿಲ್ಲ.

ರಾಜ್ಯದ ಗಡಿ ದಾಟುವವರಿಗೆ ನಿಯಮ ಇನ್ನೂ ಬಿಗಿ. ಮಿನ್ನೆಸೋಟ ರಾಜ್ಯವು ಹೊರಗಿನ ಇಡೀ ಜಿಂಕೆಯ ಕಳೇಬರವನ್ನು ಒಳಗೆ ಬಿಡುವುದಿಲ್ಲ. ಇಲಿನಾಯ್‌ಗೂ ತನ್ನದೇ ಕಟ್ಟಳೆಗಳಿವೆ. ಅಕ್ರಮವಾಗಿ ಪಡೆದ ಅಥವಾ ಸಾಗಿಸಿದ ವನ್ಯಜೀವಿಯೊಂದಿಗೆ ಗಡಿ ದಾಟಿದರೆ 1900ರ ಲೇಸಿ ಕಾಯ್ದೆಯಂತೆ ಅದು ಒಕ್ಕೂಟ ಅಪರಾಧವಾಗುತ್ತದೆ. ಮಿನ್ನೆಸೋಟದ ಮಿನಿಯಾಪೊಲಿಸ್‌ನಿಂದ ಬಂದವರು ತಮ್ಮ ಜಿಂಕೆಯನ್ನು ಬೇಟೆಯ ಬಿಡಾರದಲ್ಲಿಯೇ ಬಿಡಿಸಿಕೊಂಡು ಹೊರಡಬೇಕೆಂದು ಮನೆಯಲ್ಲಿರುವಾಗಲೇ ತೀರ್ಮಾನಿಸಿರಬೇಕು, ಏಕೆಂದರೆ ತರಬೇಕಾದ ಸಾಮಾನುಗಳ ಪಟ್ಟಿ ಆ ತೀರ್ಮಾನದ ಮೇಲೆಯೇ ನಿಲ್ಲುತ್ತದೆ.

ವಾಹನದ ಲೆಕ್ಕ

ಬೆಳೆದ ಗಂಡು ಜಿಂಕೆಯೊಂದು 80 ಕಿಲೋ ತೂಗಿದರೆ, ಕರುಳು ತೆಗೆದ ಮೇಲೆ ಸುಮಾರು 62ರಿಂದ 64 ಕಿಲೋ ಉಳಿಯುತ್ತದೆ. ಮೂಳೆ ಬಿಡಿಸಿದರೆ 28ರಿಂದ 32 ಕಿಲೋ ಮಾಂಸ ಸಿಗಬಹುದು. ದೊಡ್ಡ ಎಸ್‌ಯುವಿಗೆ ಇದು ಯಾವ ಲೆಕ್ಕ ಎಂದು ಅನ್ನಿಸುವುದು ಸಹಜ. ಆದರೆ ಚಾಲಕನ ಬಾಗಿಲಿನ ಚೌಕಟ್ಟಿನ ಮೇಲೆ ಅಂಟಿಸಿರುವ ಚೀಟಿಯನ್ನು ಒಮ್ಮೆ ಓದಿ. ಜನ ಮತ್ತು ಸಾಮಾನು ಸೇರಿ ಎಷ್ಟು ತೂಕ ಮೀರಬಾರದು ಎಂಬುದು ಅಲ್ಲಿ ಮುದ್ರಿತವಾಗಿರುತ್ತದೆ. ಆ ಮಿತಿ 450 ಕಿಲೋ ಇದೆ ಎಂದಿಟ್ಟುಕೊಳ್ಳೋಣ. ದಪ್ಪ ಚಳಿಯುಡುಪು ತೊಟ್ಟ ನಾಲ್ವರು ತಲಾ 90 ಕಿಲೋದಂತೆ 360 ಕಿಲೋ ಆದರು. ಉಳಿದ 90 ಕಿಲೋದಲ್ಲಿ ಒಂದು ಜಿಂಕೆ, ಬಂದೂಕುಗಳು, ಐಸ್ ಪೆಟ್ಟಿಗೆ, ವಿಂಚು, ಸನಿಕೆ ಎಲ್ಲವೂ ಹಿಡಿಯಬೇಕು. ಎರಡನೆಯ ಜಿಂಕೆ ಸಿಕ್ಕರೆ ಮಿತಿ ದಾಟಿಯೇ ದಾಟುತ್ತದೆ. ಇಬ್ಬರು ಮಾತ್ರ ಒಂದು ವಾಹನದಲ್ಲಿ ಹೋಗುವುದು, ಅಥವಾ ಎರಡು ವಾಹನ ಒಯ್ಯುವುದು ಇದಕ್ಕಿರುವ ನೇರ ಪರಿಹಾರ.

ಜಿಂಕೆಯನ್ನು ಎಲ್ಲಿ ಇಡಬೇಕು ಎಂಬ ಪ್ರಶ್ನೆಗೆ ಮೂರು ಉತ್ತರಗಳಿವೆ, ಅವುಗಳಲ್ಲಿ ಒಂದನ್ನು ನಾನು ಒಪ್ಪುವುದಿಲ್ಲ. ಮೇಲ್ಛಾವಣಿಯ ಮೇಲೆ ಕಟ್ಟುವುದೇ ಅದು. 60 ಕಿಲೋ ಜೋಲುವ ಒಡಲನ್ನು ಆಳೆತ್ತರಕ್ಕೆ ಎತ್ತುವಾಗ ಸೊಂಟ ಹಿಡಿದುಕೊಳ್ಳುತ್ತದೆ. ಅನೇಕ ಎಸ್‌ಯುವಿಗಳ ಮೇಲ್ಛಾವಣಿ ಚಲಿಸುವಾಗ ತಡೆಯುವುದು 45ರಿಂದ 75 ಕಿಲೋ ಮಾತ್ರ. ಓರೆಯಾದ ಕಾಡುದಾರಿಯಲ್ಲಿ ಭಾರ ಮೇಲಿದ್ದಷ್ಟೂ ವಾಹನ ಮಗುಚುವ ಅಪಾಯ ಹೆಚ್ಚು. ಹಿಂದಿನ ಕಾಲದಲ್ಲಿ ಬಾನೆಟ್ ಮೇಲೆ ಕಟ್ಟಿಕೊಂಡು ಊರ ಮಧ್ಯೆ ಮೆರೆಸುವ ರೂಢಿಯೂ ಅಮೆರಿಕದಲ್ಲಿತ್ತು. ಇಂಜಿನ್ನಿನ ಬಿಸಿಗೆ ಮಾಂಸವನ್ನು ಒಡ್ಡುವುದಕ್ಕೆ ಅದಕ್ಕಿಂತ ಕೆಟ್ಟ ಜಾಗ ಇನ್ನೊಂದಿಲ್ಲ.

ಎರಡನೆಯದು ಹಿಂಬದಿಯ ಹಿಚ್‌ಗೆ, ಅಂದರೆ ಟ್ರೇಲರ್ ಎಳೆಯುವ ಕೊಂಡಿಗೆ, ಸಿಕ್ಕಿಸುವ ಕಬ್ಬಿಣದ ಅಥವಾ ಅಲ್ಯೂಮಿನಿಯಂ ಕೇರಿಯರ್. ಎರಡು ಇಂಚಿನ ಹಿಚ್‌ಗೆ ಬರುವ ಬಹುತೇಕ ಕೇರಿಯರ್‌ಗಳು ಸುಮಾರು 225 ಕಿಲೋ ತಡೆಯುತ್ತವೆ. ಆದರೆ ವಾಹನದ ಹಿಚ್ ಎಷ್ಟು ತೂಕವನ್ನು ನೇರವಾಗಿ ಹೊರಬಲ್ಲದು ಎಂಬುದನ್ನು ಕೈಪಿಡಿಯಲ್ಲಿ ನೋಡಿ, ಎರಡರಲ್ಲಿ ಕಡಿಮೆಯಿರುವುದನ್ನೇ ಮಿತಿಯೆಂದು ಹಿಡಿಯಬೇಕು. ಎತ್ತರ ಕಡಿಮೆ ಇರುವುದರಿಂದ ಏರಿಸುವುದು ಸುಲಭ, ವಾಹನದೊಳಗೆ ರಕ್ತವಾಗಲಿ ವಾಸನೆಯಾಗಲಿ ಸೇರುವುದಿಲ್ಲ, ನವೆಂಬರಿನ ತಣ್ಣನೆಯ ಗಾಳಿಯೂ ತಾಗುತ್ತದೆ. ತೊಡಕುಗಳೂ ಇವೆ. ಸೈಲೆನ್ಸರ್ ಕೊಳವೆಯ ಬಾಯಿ ಕೇರಿಯರ್ ಕಡೆಗಿದ್ದರೆ ಹೊಗೆಯೂ ಬಿಸಿಯೂ ನೇರವಾಗಿ ಮಾಂಸಕ್ಕೆ ಬಡಿಯುತ್ತವೆ. ರಸ್ತೆಗೆ ಸುರಿದ ಉಪ್ಪು, ಕೆಸರು, ಕರಗಿದ ಹಿಮ ಇವೆಲ್ಲ ತೆರೆದ ಹೊಟ್ಟೆಯೊಳಗೆ ಎರಚುತ್ತವೆ. ಹಿಂದಿನ ದೀಪ, ನಂಬರ್ ಪ್ಲೇಟು ಮರೆಯಾದರೆ ಪೊಲೀಸರು ನಿಲ್ಲಿಸುತ್ತಾರೆ. ಜೀಪ್ ರ್ಯಾಂಗ್ಲರ್, ಫೋರ್ಡ್ ಬ್ರಾಂಕೊಗಳಂತೆ ಸ್ಟೆಪ್ನಿ ಹೊತ್ತ ಹಿಂಬಾಗಿಲು ಪಕ್ಕಕ್ಕೆ ತೆರೆಯುವ ವಾಹನಗಳಲ್ಲಿ, ಕೇರಿಯರ್ ತುಂಬಿದ ಮೇಲೆ ಆ ಬಾಗಿಲು ತೆರೆಯುವುದು ಕಷ್ಟ. ಬೇಕಾದ ಸಾಮಾನುಗಳನ್ನು ಮೊದಲೇ ಹೊರಗೆ ತೆಗೆದಿಟ್ಟುಕೊಳ್ಳಬೇಕು. ಇನ್ನು, ಕೇರಿಯರ್ ಹಿಂದಕ್ಕೆ ಚಾಚಿರುವುದರಿಂದ ಹಳ್ಳದಿಂದ ಮೇಲೇರುವಾಗ ಅದರ ತುದಿ ನೆಲಕ್ಕೆ ತಾಗುತ್ತದೆ. ಸೌಕ್, ರಿಚ್‌ಲ್ಯಾಂಡ್ ಕೌಂಟಿಗಳ ಕಡಿದಾದ ಕಣಿವೆಗಳಲ್ಲಿ ಇದು ಸಣ್ಣ ತೊಂದರೆಯಲ್ಲ.

ಮೂರನೆಯದು ಹಿಂದಿನ ಸೀಟುಗಳನ್ನು ಮಡಚಿ ಒಳಗೇ ಮಲಗಿಸುವುದು. ಒರಟು ಕಾಡುದಾರಿ ಉದ್ದವಾಗಿದ್ದರೆ ನಾನು ಇದನ್ನೇ ಆರಿಸುತ್ತೇನೆ. ಡಾಂಬರು ರಸ್ತೆಯ ಪಕ್ಕದಲ್ಲಿಯೇ ಬೇಟೆ ಸಿಕ್ಕರೆ ಕೇರಿಯರ್ ಸಾಕು.

ಕಾಡಿನಲ್ಲಿ: ಮೊದಲ ಒಂದು ಗಂಟೆ

ಜಿಂಕೆ ಸತ್ತಿರುವುದು ಖಚಿತವಾದ ಮೇಲೆ ಬಂದೂಕಿನಿಂದ ಗುಂಡುಗಳನ್ನು ಹೊರತೆಗೆದು ಪಕ್ಕಕ್ಕಿಡಿ. ಊರಿನಲ್ಲಿ ಕುರಿ ಕೊಯ್ಯುವುದನ್ನು ಕಂಡವರಿಗೆ ಮುಂದಿನ ಕೆಲಸ ಅಪರಿಚಿತವಲ್ಲ, ಆದರೆ ಒಂದು ವ್ಯತ್ಯಾಸವಿದೆ. ಕುರಿಯನ್ನು ಕೂಡಲೇ ತೂಗುಹಾಕಿ ಸುಲಿದು ಅಂದೇ ಹಂಚಿ ಅಂದೇ ಬೇಯಿಸುತ್ತೇವೆ. ಜಿಂಕೆ ಮಾತ್ರ ದಟ್ಟ ಚಳಿಗಾಲದ ತುಪ್ಪಳದೊಳಗೆ ತನ್ನ ಬಿಸಿಯನ್ನು ಗಂಟೆಗಟ್ಟಲೆ ಹಿಡಿದಿಟ್ಟುಕೊಂಡಿರುತ್ತದೆ. ಬ್ಯಾಕ್ಟೀರಿಯಾಗಳು ವೇಗವಾಗಿ ಬೆಳೆಯುವುದು 4ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ. ಹೊರಗೆ ಎಷ್ಟೇ ಚಳಿಯಿದ್ದರೂ ತೊಡೆಯ ಮೂಳೆಯ ಸುತ್ತಲಿನ ಮಾಂಸ ಬೆಚ್ಚಗೇ ಇರುತ್ತದೆ, ಕೆಡಲು ಶುರುವಾಗುವುದೂ ಬಹಳ ಸಲ ಅಲ್ಲಿಂದಲೇ.

ಕೈಗವಸು ತೊಟ್ಟು, ಜಠರ ಮತ್ತು ಮೂತ್ರಕೋಶಕ್ಕೆ ಚಾಕು ತಾಗದಂತೆ ಹೊಟ್ಟೆ ಸೀಳಿ ಒಳಗಿನದೆಲ್ಲವನ್ನೂ ತೆಗೆಯಿರಿ. ತಪ್ಪಿ ತೂತು ಬಿದ್ದರೆ ಹೊಲಸು ತಾಗಿದ ಮಾಂಸವನ್ನು ಕತ್ತರಿಸಿ ಬಿಸಾಡುವುದೇ ಸರಿ. ಎದೆಗೂಡನ್ನು ಒಂದು ಗಟ್ಟಿ ಕಡ್ಡಿಯಿಂದ ಅಗಲಿಸಿಟ್ಟರೆ ಗಾಳಿಯಾಡುತ್ತದೆ. ಹೊರಗಿನ ಉಷ್ಣಾಂಶ 5 ಡಿಗ್ರಿಗಿಂತ ಹೆಚ್ಚಿದ್ದರೆ, ಹೆಪ್ಪುಗಟ್ಟಿದ ನೀರಿನ ಬಾಟಲಿಗಳನ್ನು ಹೊಟ್ಟೆಯೊಳಗೆ ಇಡಬೇಕು. ಬಿಡಿ ಐಸ್ ಹಾಕಿದರೆ ಕರಗಿದ ನೀರಿನಲ್ಲಿ ಮಾಂಸ ನೆನೆದು ಬೆಳ್ಳಗಾಗುತ್ತದೆ, ಕೊಳೆಯೂ ಹರಡುತ್ತದೆ. ನಮ್ಮಲ್ಲಿ ಹಸಿ ಮಾಂಸಕ್ಕೆ ಉಪ್ಪು ಅರಿಸಿನ ಸವರಿಡುವ ಪದ್ಧತಿಯಿದೆ. ಅದು ಅಡುಗೆಗೆ ಮೊದಲಿನ ಒಳ್ಳೆಯ ಕ್ರಮ, ಆದರೆ ಇಡೀ ಜಿಂಕೆಯ ವಿಷಯದಲ್ಲಿ ತಂಪಿನ ಬದಲಿಗೆ ಅದನ್ನು ನಂಬಬಾರದು.

ಇದೇ ಹೊತ್ತಿನಲ್ಲಿ ಇನ್ನೊಂದು ಕೆಲಸ ಮುಗಿಸಬೇಕು, ಹೊಸಬರು ಬಹಳ ಜನ ಇದನ್ನು ಮರೆಯುತ್ತಾರೆ. ಸತ್ತ ಕೆಲವೇ ಗಂಟೆಗಳಲ್ಲಿ ಒಡಲು ಸೆಟೆದುಕೊಳ್ಳುತ್ತದೆ. ಕಾಲುಗಳು ಚಾಚಿಕೊಂಡೇ ಸೆಟೆದರೆ ಆಮೇಲೆ ಆ ಜಿಂಕೆ ಯಾವ ಎಸ್‌ಯುವಿಯ ಹಿಂಭಾಗಕ್ಕೂ ಹಿಡಿಸುವುದಿಲ್ಲ. ಇನ್ನೂ ಮೆತ್ತಗಿರುವಾಗಲೇ ಮುಂಗಾಲುಗಳನ್ನು ಕತ್ತಿನ ಕಡೆಗೂ ಹಿಂಗಾಲುಗಳನ್ನು ಹೊಟ್ಟೆಯ ಕಡೆಗೂ ಮಡಚಿ ಹಗ್ಗದಿಂದ ಕಟ್ಟಿಬಿಡಿ.

ವಾಹನದವರೆಗೆ ಎಳೆಯುವುದು, ಒಳಗೆ ಏರಿಸುವುದು

ಎಸ್‌ಯುವಿಯನ್ನು ಜಿಂಕೆಯ ಬಳಿಗೇ ತಂದು ನಿಲ್ಲಿಸುವ ಆಸೆಯಾಗುತ್ತದೆ. ಸಾರ್ವಜನಿಕ ಕಾಡುಗಳಲ್ಲಿ ಗೊತ್ತುಪಡಿಸಿದ ದಾರಿಯಿಂದಾಚೆ ವಾಹನ ಓಡಿಸಲು ಸಾಮಾನ್ಯವಾಗಿ ಅನುಮತಿ ಇರುವುದಿಲ್ಲ, ಖಾಸಗಿ ಜಮೀನಿನಲ್ಲಿ ಮಾಲೀಕರ ಒಪ್ಪಿಗೆ ಬೇಕು. ಆದ್ದರಿಂದ ಕೊನೆಯ ಕೆಲವು ನೂರು ಗಜ ಎಳೆದೇ ತರಬೇಕಾಗುತ್ತದೆ. ಇದಕ್ಕೆ ಹಿಮದ ಮೇಲೆ ಜಾರುವ ಪ್ಲಾಸ್ಟಿಕ್ ಸ್ಲೆಡ್ಡಿಗಿಂತ ಉತ್ತಮವಾದ ಸಾಧನವನ್ನು ನಾನು ಕಂಡಿಲ್ಲ. ಸ್ಲೆಡ್ ಇಲ್ಲದಿದ್ದರೆ ತಲೆ ಮುಂದಾಗಿ ಎಳೆಯಿರಿ. ರೋಮ ಮಲಗಿರುವ ದಿಕ್ಕಿಗೆ ಎಳೆದರೆ ಶ್ರಮ ಕಡಿಮೆ. ವರ್ಷವಿಡೀ ಕುರ್ಚಿಯಲ್ಲಿ ಕೂತು ಕೆಲಸ ಮಾಡುವ ನಮ್ಮಂಥವರು ಚಳಿಯಲ್ಲಿ ಇದ್ದಕ್ಕಿದ್ದಂತೆ 60 ಕಿಲೋ ಎಳೆದರೆ ಹೃದಯಕ್ಕೆ ವಿಪರೀತ ಒತ್ತಡ ಬೀಳುತ್ತದೆ. ಐವತ್ತು ಹೆಜ್ಜೆಗೊಮ್ಮೆ ನಿಲ್ಲಿ. ಎದೆ ಬಿಗಿದಂತಾದರೆ ಜಿಂಕೆಯನ್ನು ಅಲ್ಲಿಯೇ ಬಿಟ್ಟು ಸಹಾಯಕ್ಕೆ ಕರೆಯಿರಿ.

ವಾಹನದೊಳಗೆ ಏರಿಸುವ ಮುನ್ನ ಸೀಟುಗಳನ್ನು ಮಡಚಿ, ದಪ್ಪನೆಯ ಟಾರ್ಪಾಲನ್ನು ನೆಲಕ್ಕೆ ಹಾಸಿ, ಅದರ ಅಂಚುಗಳನ್ನು ನಾಲ್ಕೂ ಬದಿಗೆ ಒಂದಡಿಯಾದರೂ ಎತ್ತರಕ್ಕೆ ತಂದು ಪಕ್ಕದ ಕೊಕ್ಕೆಗಳಿಗೆ ಸಿಕ್ಕಿಸಿ. ಬರೀ ನೆಲಕ್ಕೆ ಹಾಸಿದ ಟಾರ್ಪಾಲು ಏನನ್ನೂ ತಡೆಯುವುದಿಲ್ಲ. ಮೊದಲ ವರ್ಷ ನಾನು ಹಾಗೆ ಮಾಡಿ, ಇಳಿಜಾರಿನಲ್ಲಿ ರಕ್ತವೆಲ್ಲ ಸೀಟಿನ ಸಂದಿಗೆ ಹರಿದು, ಆ ವಾಸನೆಯನ್ನು ಮುಂದಿನ ಬೇಸಿಗೆಯವರೆಗೂ ಸಹಿಸಬೇಕಾಯಿತು. ಈಗ ಜಿಂಕೆಯನ್ನು ಸ್ಲೆಡ್ಡಿನ ಸಮೇತ ಟಾರ್ಪಾಲಿನ ಮೇಲೆ ಇರಿಸುತ್ತೇನೆ. ಅದೇ ತಟ್ಟೆಯಂತೆ ಎಲ್ಲವನ್ನೂ ಹಿಡಿದುಕೊಳ್ಳುತ್ತದೆ. ಏರಿಸುವಾಗ ಸ್ಲೆಡ್ಡಿನ ಮುಂದಿನ ಅಂಚನ್ನು ಹಿಂಬಾಗಿಲಿನ ಹೊಸ್ತಿಲಿಗೆ ಆನಿಸಿ, ಒಬ್ಬರು ಒಳಗಿನಿಂದ ಹಗ್ಗ ಎಳೆಯುತ್ತಾ ಇನ್ನೊಬ್ಬರು ಹಿಂದಿನಿಂದ ಮಂಡಿ ಬಗ್ಗಿಸಿ ಎತ್ತಬೇಕು. ಒಬ್ಬರೇ ಇದ್ದರೆ ಎರಡು ಹಲಗೆಗಳನ್ನು ಇಳಿಜಾರಾಗಿ ಆನಿಸಿ, ಮುಂಭಾಗದ ಕೊಕ್ಕೆಗೆ ಸಣ್ಣ ಕೈರಾಟೆ ಕಟ್ಟಿ ಎಳೆದುಕೊಳ್ಳಬಹುದು.

ಕೊಂಬುಗಳು ಹಿಂಬಾಗಿಲಿನ ಕಡೆಗೇ ಇರಲಿ, ಯಾವ ಕಾರಣಕ್ಕೂ ಚಾಲಕನ ಬೆನ್ನಿನ ಕಡೆಗೆ ಬರಬಾರದು. ಗಟ್ಟಿಯಾಗಿ ಬ್ರೇಕ್ ಹಾಕಿದಾಗ ಕಟ್ಟದ 60 ಕಿಲೋ ಭಾರ ಮುಂದಕ್ಕೆ ನುಗ್ಗುತ್ತದೆ. ನೆಲದ ಕೊಕ್ಕೆಗಳಿಗೆ ಎರಡು ರಾಚೆಟ್ ಪಟ್ಟಿಗಳನ್ನು (ಹಿಡಿಕೆ ಆಡಿಸಿ ಬಿಗಿಯುವ ಪಟ್ಟಿಗಳನ್ನು) ಹಾಕಿ, ಒಂದನ್ನು ಹೆಗಲಿನ ಹಿಂದೆ, ಇನ್ನೊಂದನ್ನು ಸೊಂಟದ ಮುಂದೆ ಬಿಗಿಯಿರಿ. ಕೇರಿಯರ್ ಆದರೆ ನಾಲ್ಕು ಪಟ್ಟಿ ಬೇಕು, ಇಡೀ ಒಡಲನ್ನು ಸ್ವಚ್ಛ ಟಾರ್ಪಾಲಿನಲ್ಲಿ ಸುತ್ತಿ ತೆರೆದ ಹೊಟ್ಟೆ ಕೆಳಮುಖವಾಗಿರುವಂತೆ ಮಲಗಿಸಬೇಕು. ಸುತ್ತುವುದರಿಂದ ಕೆಸರು ತಪ್ಪುತ್ತದೆ, ದಾರಿಯಲ್ಲಿ ಹೋಗುವ ಮಕ್ಕಳಿಗೂ ಬೇಟೆಯನ್ನು ಇಷ್ಟಪಡದವರಿಗೂ ಆ ನೋಟ ತಪ್ಪುತ್ತದೆ.

ದಾರಿಯಲ್ಲಿ

ಕೆಸರಿಗೋ ಹಿಮಕ್ಕೋ ಟೈರಿನ ಗಾಳಿಯನ್ನು 35 ಪಿಎಸ್‌ಐಯಿಂದ 20ರ ಆಸುಪಾಸಿಗೆ ಇಳಿಸಿದ್ದರೆ, ಹಿಂಬದಿಯ ಭಾರ ಹೆಚ್ಚಿರುವುದನ್ನು ನೆನಪಿಟ್ಟು ಹೆದ್ದಾರಿ ಸೇರುವ ಮೊದಲೇ ಪುನಃ ತುಂಬಿಸಿ. ಕಡಿಮೆ ಗಾಳಿಯ ಟೈರು ವೇಗದಲ್ಲಿ ಕಾಯುತ್ತದೆ. ಕಾಡುದಾರಿಯ ಇಳಿಜಾರುಗಳನ್ನು ಫೋರ್ ವ್ಹೀಲ್ ಲೋ ಗೇರಿನಲ್ಲಿ ನಿಧಾನವಾಗಿ ಇಳಿಯಿರಿ. ಕೇರಿಯರ್ ಮೇಲಿನ ಭಾರ ಹಿಂದಿನ ಅಚ್ಚಿಗಿಂತ ಆಚೆ ಇರುವುದರಿಂದ ಮುಂದಿನ ಗಾಲಿಗಳು ಹಗುರಾಗಿ, ಜಾರುವ ತಿರುವಿನಲ್ಲಿ ಸ್ಟಿಯರಿಂಗ್ ತಡವಾಗಿ ಕೇಳುತ್ತದೆ. ಡಾಂಬರು ತಲುಪಿದ ಹತ್ತು ಹದಿನೈದು ನಿಮಿಷಕ್ಕೆ ಒಮ್ಮೆ ನಿಲ್ಲಿಸಿ ಪಟ್ಟಿಗಳನ್ನು ಮತ್ತೆ ಬಿಗಿಯಿರಿ, ಏಕೆಂದರೆ ಒಡಲು ಕುಲುಕಿ ಕೆಳಗೆ ಕೂತಿರುತ್ತದೆ.

ಜಿಂಕೆ ಒಳಗಿದ್ದರೆ ಹೀಟರ್ ಹಾಕಬೇಡಿ, ಗಾಜಿನ ಮಂಜು ತೆಗೆಯುವಷ್ಟಕ್ಕೆ ಮಾತ್ರ ಗಾಳಿ ಬಿಡಿ. ಎಲ್ಲರೂ ಕೋಟು ತೊಟ್ಟೇ ಕೂರಬೇಕು. ತಂಪಾಗಲೆಂದು ಹಿಂಬಾಗಿಲನ್ನೋ ಹಿಂದಿನ ಗಾಜನ್ನೋ ತೆರೆದಿಟ್ಟು ಓಡಿಸುವವರಿದ್ದಾರೆ. ಸೈಲೆನ್ಸರಿನ ಕಾರ್ಬನ್ ಮಾನಾಕ್ಸೈಡ್ ಒಳಕ್ಕೆ ಸೆಳೆದುಕೊಂಡು ಪ್ರಾಣಾಪಾಯವಾಗುವುದರಿಂದ ಇದನ್ನು ಎಂದೂ ಮಾಡಬಾರದು. ಊಟಕ್ಕೆ ನಿಲ್ಲಿಸುವುದಾದರೆ ನೆರಳಿನಲ್ಲಿ ನಿಲ್ಲಿಸಿ. ಚಳಿಗಾಲದ ಬಿಸಿಲಿಗೂ ಮುಚ್ಚಿದ ವಾಹನದ ಒಳಗು ಬೇಗ ಬಿಸಿಯಾಗುತ್ತದೆ. ನವೆಂಬರ್ ಜಿಂಕೆಗಳ ಬೆದೆಯ ಕಾಲವಾದ್ದರಿಂದ ಮುಸ್ಸಂಜೆಯಲ್ಲಿ ಅವು ಹಿಂದುಮುಂದು ನೋಡದೆ ರಸ್ತೆಗೆ ಹಾರುತ್ತವೆ, ವೇಗ ತಗ್ಗಿಸಿಯೇ ಸಾಗಿ.

ಉಣುಗುಗಳ ಮಾತು ಇಲ್ಲಿಯೇ ಬರಬೇಕು. ಮಲೆನಾಡಿನವರಿಗೆ ಮಂಗನ ಕಾಯಿಲೆಯಿಂದಾಗಿ ಉಣುಗು ಎಂದರೆ ಏನೆಂದು ಚೆನ್ನಾಗಿ ಗೊತ್ತು. ಇಲ್ಲಿಯ ಜಿಂಕೆಗಳ ಮೈಮೇಲಿನ ಕರಿಗಾಲಿನ ಉಣುಗು ಲೈಮ್ ಕಾಯಿಲೆಯನ್ನು ಹರಡುತ್ತದೆ, ವಿಸ್ಕಾನ್ಸಿನ್‌ನಲ್ಲಿ ಆ ಕಾಯಿಲೆ ಹೆಚ್ಚು. ಒಡಲು ತಣ್ಣಗಾಗುತ್ತಿದ್ದಂತೆ ಉಣುಗುಗಳು ಅದನ್ನು ಬಿಟ್ಟು ಬೆಚ್ಚನೆಯ ಮೈಯನ್ನು ಹುಡುಕುತ್ತವೆ, ವಾಹನದೊಳಗೆ ಆ ಬೆಚ್ಚನೆಯ ಮೈ ನಮ್ಮದೇ ಆಗಿರುತ್ತದೆ. ಟಾರ್ಪಾಲಿನ ಅಂಚುಗಳನ್ನು ಜಿಂಕೆಯ ಮೇಲೆ ಮಡಚಿ ಮುಚ್ಚಿದರೆ ಬಹುಪಾಲು ಅಲ್ಲಿಯೇ ಉಳಿಯುತ್ತವೆ. ಮನೆ ತಲುಪಿದ ಮೇಲೆ ಕಂಕುಳು, ಕಿವಿಯ ಹಿಂದೆ, ಮಂಡಿಯ ಹಿಂದೆ ಎಲ್ಲವನ್ನೂ ನೋಡಿಕೊಂಡು ಸ್ನಾನ ಮಾಡಬೇಕು.

ದೂರದ ಪ್ರಯಾಣವಾದರೆ: ಬಿಡಿಸಿಯೇ ಹೊರಡಿ

ಎರಡು ಗಂಟೆಗಿಂತ ಹೆಚ್ಚಿನ ದಾರಿಯಿದ್ದರೆ, ಕಾನೂನು ಕೇಳದಿದ್ದರೂ ಜಿಂಕೆಯನ್ನು ಬಿಡಿಸಿಕೊಂಡು ಹೊರಡುವುದೇ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ. ಜಿಂಕೆಯನ್ನು ತೂಗುಹಾಕಿ ತೊಗಲು ಸುಲಿದು, ಮುಂಗಾಲು, ಹಿಂದೊಡೆ, ಬೆನ್ನಿನ ಪಟ್ಟಿ, ಕತ್ತಿನ ಮಾಂಸಗಳನ್ನು ಬೇರ್ಪಡಿಸಿ, ಬೆನ್ನುಮೂಳೆಯನ್ನು ಎಲ್ಲಿಯೂ ಕತ್ತರಿಸದೆ ಪಕ್ಕಕ್ಕೆ ಬಿಡಬೇಕು. ಬಿಸಿ ಮಾಂಸವನ್ನು ನೇರವಾಗಿ ಪ್ಲಾಸ್ಟಿಕ್ ಚೀಲಕ್ಕೆ ತುಂಬಿದರೆ ಬೆವರಿ ಹಳಸುತ್ತದೆ. ಗಾಳಿಯಾಡುವ ಬಟ್ಟೆಯ ಚೀಲಗಳಲ್ಲಿ ತಣಿಯಲು ಬಿಟ್ಟು, ಆನಂತರ ಐಸ್ ಪೆಟ್ಟಿಗೆಗೆ ಹಾಕಿ. ಮಾಂಸದ ತೂಕದ ಅರ್ಧದಷ್ಟಾದರೂ ಐಸ್ ಇರಲಿ, ಪೆಟ್ಟಿಗೆಯ ಬಿರಡೆ ತೆಗೆದು ನೀರು ಹರಿದುಹೋಗುವಂತೆ ಹಿಂಬದಿ ತುಸು ತಗ್ಗಾಗಿರಲಿ.

ಕ್ರಾನಿಕ್ ವೇಸ್ಟಿಂಗ್ ಡಿಸೀಸ್ ಪರೀಕ್ಷೆಗೆ ತಲೆಯನ್ನು ಕೆಲವು ಇಂಚು ಕತ್ತಿನೊಂದಿಗೆ ಬೇರ್ಪಡಿಸಿ ಎರಡು ಚೀಲಗಳಲ್ಲಿ ಕಟ್ಟಿ, ಮಾಂಸದಿಂದ ದೂರ ಇಟ್ಟು, ಇಲಾಖೆಯ ಮಾದರಿ ಸಂಗ್ರಹ ಕೇಂದ್ರಕ್ಕೆ ಕೊಡಿ. ವಿಸ್ಕಾನ್ಸಿನ್‌ನಲ್ಲಿ ಈ ಪರೀಕ್ಷೆಗೆ ಶುಲ್ಕವಿಲ್ಲ. ಕೊಂಬು ಬೇಕಿದ್ದರೆ ಮೊದಲೇ ತೆಗೆದುಕೊಂಡಿರಬೇಕು. ಉಳಿದ ಮೂಳೆಗಳನ್ನು ಇಲಾಖೆ ಇರಿಸಿರುವ ಕಳೇಬರದ ತೊಟ್ಟಿಗೋ ಅವನ್ನು ಸ್ವೀಕರಿಸುವ ಕಸದ ನೆಲಭರ್ತಿ ಕೇಂದ್ರಕ್ಕೋ ಸೇರಿಸಿ. ಮನೆಯಲ್ಲಿ ಆ ಜಿಂಕೆಯ ಪೊಟ್ಟಣಗಳ ಮೇಲೆ ದಿನಾಂಕ ಮತ್ತು ಪರೀಕ್ಷೆಯ ಸಂಖ್ಯೆ ಬರೆದು, 18 ಡಿಗ್ರಿ ಮೈನಸ್‌ನಲ್ಲಿ ಬೇರೆಯಾಗಿಯೇ ಇಡಿ. ಫಲಿತಾಂಶ ಬರುವವರೆಗೆ ಅಡುಗೆ ಮಾಡುವುದಾಗಲಿ, ನೆರೆಯವರಿಗೆ ಹಂಚುವುದಾಗಲಿ ಬೇಡ.

ವಾಹನ ಮತ್ತು ಸಲಕರಣೆಗಳ ಶುಚಿ

ರಕ್ತದ ಕಲೆಗೆ ಬಿಸಿನೀರು ಹಾಕಿದರೆ ಅದು ಬಟ್ಟೆಯಲ್ಲಿ ಕೂತುಬಿಡುತ್ತದೆ. ತಣ್ಣೀರಿನಿಂದ ಒರೆಸಿ, ಆಮೇಲೆ ಕಿಣ್ವವಿರುವ ಮಾರ್ಜಕ ಬಳಸಿ. ಚಾಕುಗಳ ಮೇಲಿನ ಮಾಂಸದ ಚೂರು, ಕೊಬ್ಬುಗಳನ್ನು ಮೊದಲು ಉಜ್ಜಿ ತೆಗೆದು, ಮನೆಬಳಕೆಯ ಬ್ಲೀಚ್ 40 ಭಾಗಕ್ಕೆ ನೀರು 60 ಭಾಗ ಸೇರಿಸಿದ ದ್ರಾವಣದಲ್ಲಿ ಐದು ನಿಮಿಷ ಮುಳುಗಿಸಿಡಬೇಕು. ಸ್ಟೇನ್‌ಲೆಸ್ ಸ್ಟೀಲಿನ ಮೇಲ್ಮೈಯ ಪ್ರಿಯಾನ್‌ಗಳನ್ನು ಈ ಕ್ರಮ ನಿಷ್ಕ್ರಿಯಗೊಳಿಸುತ್ತದೆಂದು 2019ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿದೆ; ಆದರೆ ಅಂಟಿಕೊಂಡ ಮಾಂಸದೊಳಗೆ ಬ್ಲೀಚ್ ಇಳಿಯುವುದಿಲ್ಲ, ಉಜ್ಜುವ ಕೆಲಸ ಮೊದಲು ಬರುವುದು ಅದಕ್ಕಾಗಿ. ಸ್ಲೆಡ್, ಟಾರ್ಪಾಲುಗಳನ್ನು ತೊಳೆದು ಒಣಗಿಸಿ. ರಾಚೆಟ್ ಪಟ್ಟಿಗೆ ಬ್ಲೀಚ್ ತಾಗಿದರೆ ನೂಲು ಬಲಗುಂದುವುದರಿಂದ ಅದನ್ನು ಸಾಬೂನಿನ ನೀರಿನಲ್ಲಿ ಮಾತ್ರ ತೊಳೆಯಬೇಕು. ವಾಹನದ ಕಾರ್ಪೆಟ್ಟನ್ನು ವ್ಯಾಕ್ಯೂಮ್ ಮಾಡಿ, ಸೀಟುಗಳನ್ನು ಎತ್ತುವ ಮೊದಲು ಸಂದಿಗಳಲ್ಲಿ ತೇವ ಉಳಿದಿದೆಯೇ ಎಂದು ಕೈಯಾಡಿಸಿ ನೋಡಿ. ಎರಡು ದಿನ ಬಿಟ್ಟು ಉಣುಗುಗಳಿಗಾಗಿ ಇನ್ನೊಮ್ಮೆ ಟಾರ್ಚ್ ಹಿಡಿದು ಹುಡುಕಿ, ಆನಂತರವೇ ಮಕ್ಕಳನ್ನು ಹಿಂದಿನ ಸೀಟಿನಲ್ಲಿ ಕೂರಿಸಿ.